ಅವ್ವನ ಪಾಲಿನ ತುತ್ತು

ಆ ಡಬ್ಬಿಯಲ್ಲಿ ಏನಿತ್ತು ಎಂಬುದರಿಂದಲೇ ನನಗೂ ನನ್ನ ತಾಯಿಗೂ ತಕರಾರು. ಮೊಸರನ್ನ ಇತ್ತು ಎನ್ನುತ್ತೇನೆ ನಾನು. ಹಾಲಿನಲ್ಲಿ ನೆನೆಹಾಕಿ ಹಿಸುಕಿದ ಜೋಳದ ರೊಟ್ಟಿ ಎನ್ನುತ್ತಾಳೆ ಆಕೆ.

"ಕಟ್ಟಿ ಕೊಟ್ಟಾಕಿ ನಾನು. ನನಗ ಗೊತ್ತಿರಲಾರದ್ದು ನಿನಗ ಗೊತ್ತಿರ್ತೈತೇನು?"

ಆಕೆಯ ವಾದದಲ್ಲಿ ಹುರುಳಿದೆ. ಆದರೂ ನನ್ನ ಕಣ್ಣಿಗೆ ಕಟ್ಟಿರುವುದು ಬೆಳ್ಳನೆಯ ಅನ್ನ, ಅದರಲ್ಲಿ ಸಿಕ್ಕ ಒಂದು ಕರಿಬೇವಿನ ಎಲೆ, ಅದನ್ನು ಹೆಕ್ಕಿ ಬಸ್ಸಿನ ಕಿಟಕಿಯಾಚೆ ಎಸೆದ ನನ್ನದೇ ಬೆರಳು. ಒಂದು ಎಲೆ ಇಷ್ಟು ಸ್ಪಷ್ಟವಾಗಿ ನೆನಪಿರುವಾಗ ಅನ್ನವೇ ಸುಳ್ಳಾಗುವುದು ಹೇಗೆ? ಆದರೆ ಇಂಥ ಸ್ಪಷ್ಟತೆಯನ್ನೇ ನಾನು ಹೆಚ್ಚು ಅನುಮಾನಿಸಬೇಕಾದವನು.

ನಾನು ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಒಬ್ಬನೇ ಹೇಳಿದ್ದನ್ನು ನಂಬಬೇಡಿ, ಇನ್ನೊಂದು ಆಧಾರ ಎಲ್ಲಿದೆ ಎಂದು ಕೇಳಿ ಅಂತ ಪ್ರತಿ ವರ್ಷ ಹೊಸ ಹುಡುಗರಿಗೆ ಹೇಳುತ್ತೇನೆ. ನನ್ನ ಮಗಳು ಎರಡು ವರ್ಷದವಳಿದ್ದಾಗ ಊಟ ಬಿಟ್ಟ ಈ ಸಂಗತಿಗೆ ಹೆಚ್ಚಿನ ಕಡೆ ನಾನೊಬ್ಬನೇ ಆಧಾರ. ಇನ್ನೊಬ್ಬರು ಇರುವ ಕಡೆ ಇಬ್ಬರ ಮಾತೂ ಕೂಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಮನೆ ಸಿಂಧನೂರಿನಲ್ಲಿದೆ. ಹೆಂಡತಿಯ ತವರು ಮಸ್ಕಿ, ಆಕೆ ಕಲಿಸುತ್ತಿದ್ದ ಸಣ್ಣ ಶಾಲೆಯೂ ಮಸ್ಕಿಯ ಪಕ್ಕದ್ದೇ. ಹೀಗಾಗಿ ನಮ್ಮ ಸಂಸಾರವೆಲ್ಲ ಒಂದೇ ರಸ್ತೆಯ ಮೇಲೆ ನಡೆಯುತ್ತಿತ್ತು. ಬೆಳಗಿನ ಬಸ್ಸಿಗೆ ಮೂವರೂ ಹತ್ತುತ್ತಿದ್ದೆವು. ಹೆಂಡತಿ ಮಸ್ಕಿಯಲ್ಲಿ ಇಳಿದು ಮಗುವನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಶಾಲೆಗೆ ಹೋಗುತ್ತಿದ್ದಳು. ನಾನು ಅದೇ ಬಸ್ಸಿನಲ್ಲಿ ಲಿಂಗಸುಗೂರಿಗೆ ಮುಂದುವರಿಯುತ್ತಿದ್ದೆ. ಸಂಜೆ ಹೀಗೇ ತಿರುಗಿ ಬರುವುದು.

ಮಗುವಿನ ಬೆಳಗಿನ ಊಟ ಬಸ್ಸಿನಲ್ಲೇ. ಮನೆಯಲ್ಲಿ ಉಣಿಸುವಷ್ಟು ಹೊತ್ತು ಯಾರಿಗೂ ಇರಲಿಲ್ಲ. ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದ ಮೇಲೆ ಆ ಬಸ್ಸಿನ ಮುಂದಿನ ಅರ್ಧವೆಲ್ಲ ಹೆಂಗಸರೇ ತುಂಬಿರುತ್ತಿದ್ದರು. ನಾನು ಹಿಂದೆ ಎಲ್ಲಾದರೂ ಕಂಬಿ ಹಿಡಿದು ನಿಲ್ಲುತ್ತಿದ್ದೆ. ನನಗೆ ಕಾಣುತ್ತಿದ್ದದ್ದು ಹೆಂಡತಿಯ ತುರುಬು, ಆಕೆಯ ಭುಜದ ಮೇಲೆ ಒಮ್ಮೊಮ್ಮೆ ಇಣುಕುವ ಮಗುವಿನ ಹಣೆ, ಡಬ್ಬಿಯಿಂದ ಏಳುವ, ಇಳಿಯುವ ಆಕೆಯ ಬಲಗೈ. ಮಾತು ಕೇಳುತ್ತಿರಲಿಲ್ಲ. ಮಸ್ಕಿ ಬರುವ ಹೊತ್ತಿಗೆ ಡಬ್ಬಿ ಖಾಲಿಯಾಗಿರುತ್ತಿತ್ತು.

"ಮನ್ಯಾಗ ಒಂದು ತುತ್ತಿಗೆ ಮನಿ ತುಂಬ ಓಡ್ಯಾಡಸ್ತಾಳ. ಬಸ್ಸಿನ್ಯಾಗ ಏನ್ ಮಾಟ ಮಾಡ್ತಿ ನೀ?" ಎಂದು ಕೇಳಿದ್ದೆ.

"ಮಾಟ ಇಲ್ಲ ಏನಿಲ್ಲ. ಮಂದಿ ಹೆಸರು ತಗೊಂತೀನಿ. ಒಬ್ಬೊಬ್ಬರ ಹೆಸರಿಗೆ ಒಂದೊಂದು ತುತ್ತು."

"ನಂದೂ ಇರ್ತೈತೇನು?"

"ಇರ್ತೈತ್ರಿ. ಸಣ್ಣದು."

ಈ ಮಾತು ನಡೆದದ್ದು ಅಡುಗೆಮನೆಯಲ್ಲೋ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೋ ಹೇಳಲಾರೆ. "ಸಣ್ಣದು" ಎಂದು ಆಕೆ ಬೆರಳ ತುದಿ ತೋರಿಸಿ ನಕ್ಕದ್ದು ಮಾತ್ರ ನಿಜ. ಅಥವಾ ಅದಾದರೂ ನಿಜವಾಗಿರಲಿ ಎಂದು ಹಿಡಿದುಕೊಂಡಿದ್ದೇನೆ.

ಹೀಗೆ ಹೆಸರು ಹೇಳಿ ಉಣಿಸುವುದು ನಮ್ಮ ಕಡೆ ಹೊಸದೇನಲ್ಲ. ಇದು ಅಜ್ಜನದು, ಇದು ಕಾಕಾನದು, ಇದು ಗುಬ್ಬಿಯದು ಅಂತ ಎಲ್ಲ ಮನೆಗಳಲ್ಲೂ ಉಣಿಸುತ್ತಾರೆ. ನನಗೂ ಹಾಗೇ ಉಣಿಸಿರಬೇಕು. ಅದರಲ್ಲಿ ಕೇಳಿ ತಿಳಿಯುವಂಥದ್ದು ಇದೆ ಎಂದು ಯಾರಿಗೆ ಅನಿಸೀತು?

ಭತ್ತದ ನಾಟಿ ಮುಗಿದು ಕಾಲುವೆಯ ಕೆಳಗಿನ ಹೊಲಗಳೆಲ್ಲ ಹಸಿರಾಗಿದ್ದ ದಿನಗಳಲ್ಲಿ ಊರ ತುಂಬ ಜ್ವರ ಎದ್ದಿತು. ಮನೆಗೊಬ್ಬರಾದರೂ ಮಲಗಿದ್ದರು. ಉಳಿದ ಮನೆಗಳಲ್ಲಿ ಮಲಗಿದವರು ಎದ್ದರು. ನನ್ನ ಹೆಂಡತಿ ಏಳಲಿಲ್ಲ. ರಾಯಚೂರಿಗೆ ಕರೆದುಕೊಂಡು ಹೋದೆವು, ಮಾಡಬೇಕಾದದ್ದನ್ನೆಲ್ಲ ಅಲ್ಲಿ ಮಾಡಿದರು. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗದು.

ದಿನಕರ್ಮ ಮುಗಿದ ಸಂಜೆ ನನ್ನ ತಾಯಿ ಎಲ್ಲರನ್ನೂ ಕೂರಿಸಿಕೊಂಡು ಒಂದು ಮಾತು ಹೇಳಿದಳು. "ಕೂಸಿನ ಮುಂದ ಇನ್ನ ಯಾರೂ ಆಕಿ ಹೆಸರ ಎತ್ತಬ್ಯಾಡ್ರಿ. ಹಂಬಲ ಹಚ್ಕೊಂತೈತಿ." ಹಂಬಲ ಹಚ್ಚಿಕೊಂಡ ಕೂಸು ಸೊರಗುತ್ತದೆ, ಸತ್ತವರ ಹಿಂದೆಯೇ ಹೋಗಿಬಿಡುತ್ತದೆ ಎಂಬುದು ನಮ್ಮಲ್ಲಿ ಹಿರಿಯರ ಭಯ. ಮಸ್ಕಿಯಿಂದ ಬಂದಿದ್ದ ನನ್ನ ಅತ್ತೆ ತಲೆಯಾಡಿಸಿದರು. ಆ ಇಬ್ಬರು ಹೆಂಗಸರು ಒಂದು ಮಾತಿಗೆ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಹಂಬಲದ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಆದರೆ ಹೆಸರು ಎತ್ತದೆ ಇರುವುದು ನನಗೂ ಅನುಕೂಲವಾಗಿತ್ತು.

ಫೋಟೋ ಅಲ್ಮಾರಿಯ ಒಳಗೆ ಹೋಯಿತು. ಸೀರೆಗಳು ಗಂಟಾಗಿ ಮಸ್ಕಿಗೆ ಹೋದವು. ಅವಳ ಹೆಸರಿಗಿಂತ ಕಷ್ಟವಾದದ್ದು ಮಗು ಅವಳನ್ನು ಕರೆಯುತ್ತಿದ್ದ "ಅವ್ವ" ಎಂಬ ಶಬ್ದ. ನಾನು ಹುಟ್ಟಿದಾಗಿನಿಂದ ನನ್ನ ತಾಯಿಯನ್ನು ಅವ್ವ ಎಂದೇ ಕರೆದವನು. ಮಗು ಆಕೆಯನ್ನು "ಆಯಿ" ಎನ್ನುತ್ತಿತ್ತು. ನಾನೂ ಆಯಿ ಎನ್ನತೊಡಗಿದೆ. ನನ್ನ ತಾಯಿಗೂ ತೊಡಕಾಯಿತು. "ಬಾಯಿ ತಗಿ ನನ್ನವ್ವಾ" ಎಂದು ಕೂಸಿಗೆ ಹೇಳಿ ರೂಢಿಯಾದ ನಾಲಿಗೆ ಅದು. "ಬಾಯಿ ತಗಿ ನನ್ನ..." ಎಂದು ನಡುವೆ ತಡೆದು "ನನ್ನ ಬಂಗಾರ" ಎಂದು ಮುಗಿಸುತ್ತಿದ್ದಳು. ಮಗು ಆಕೆಯ ಬಾಯಿಯನ್ನೇ ನೋಡುತ್ತಿತ್ತು.

ಮನೆ ತುಂಬ ಜನ ಇದ್ದಷ್ಟು ದಿನ ಯಾರದೋ ತೊಡೆಯ ಮೇಲೆ ಮಗು ಏನೋ ತಿನ್ನುತ್ತಿದೆ ಎಂದುಕೊಂಡಿದ್ದೆವು. ಜನ ಹೋದ ಮೇಲೆ ಗೊತ್ತಾಯಿತು, ಅದು ಹಾಲು ಕುಡಿಯುತ್ತದೆ, ಮಂಡಾಳು ಅಂದರೆ ಮಂಡಕ್ಕಿಯನ್ನು ಒಂದೊಂದೇ ಹೆಕ್ಕಿ ತಿನ್ನುತ್ತದೆ, ಅಷ್ಟೇ. ಅನ್ನ, ರೊಟ್ಟಿ, ಬೇಳೆ, ಯಾರ ಕೈಯಿಂದ ಬಂದರೂ ತುಟಿ ಮುಚ್ಚುತ್ತಿತ್ತು. ಅಳುವುದಿಲ್ಲ, ರಂಪ ಮಾಡುವುದಿಲ್ಲ. ಮುಖ ಗೋಡೆಯ ಕಡೆ ತಿರುಗಿಸುತ್ತದೆ. ಏನೋ ಮಾಡಿ ಒಳಗೆ ಹಾಕಿದರೆ ಒಂದು ಗಲ್ಲದಲ್ಲಿ ಹಿಡಿದುಕೊಂಡಿರುತ್ತದೆ. ಎಷ್ಟೋ ಹೊತ್ತಿನ ಮೇಲೆ ಆ ತುತ್ತು ದಿಂಬಿನ ಸಂದಿಯಲ್ಲಿ ಸಿಗುತ್ತಿತ್ತು.

ತಾಯಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕಾದ ಹಂಚಿನ ಮೇಲೆ ಹಾಕಿದಳು. ಘಾಟು ಬರಲಿಲ್ಲ. ಅಂದರೆ ದೃಷ್ಟಿ ಆಗಿದೆ. ಮರುದಿನ ಮತ್ತೆ ಹಾಕಿದಾಗ ಘಾಟು ಬಂದು ಮನೆಯವರೆಲ್ಲ ಕೆಮ್ಮಿದೆವು. ಅಂದರೆ ದೃಷ್ಟಿ ಹೋಯಿತು. ಎರಡೂ ದಿನ ಮಗು ಉಣ್ಣಲಿಲ್ಲ.

ಪಕ್ಕದ ಮನೆಯ ಚಾಚಿ ತುಪ್ಪ ಹಾಕಿದ ಕಿಚಡಿ ತಂದಳು. ನಮ್ಮ ಓಣಿಯಲ್ಲಿ ಅರ್ಧ ಮಕ್ಕಳು ಆಕೆಯ ಕೈಯಲ್ಲೇ ಉಂಡು ಬೆಳೆದವರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅರೆ ಬೇಟಾ, ಬಾಯಿಗೆ ಬೀಗ ಜಡದು ಚಾವಿ ಯಾರ ಕೈಯಾಗ ಕೊಟ್ಟು ಕಳಿಸಿದಿ?" ಎಂದಳು. ಎಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. ನನ್ನ ತಾಯಿ ಎದ್ದು ಒಳಗೆ ಹೋದಳು. ಕಿಚಡಿ ಆರಿಹೋಯಿತು.

ಮಕ್ಕಳ ಡಾಕ್ಟರ್ ತೂಕ ನೋಡಿ, ನಾಲಿಗೆ ನೋಡಿ, ನನ್ನನ್ನು ನೋಡಿದರು. "ತೂಕ ಒಂದೀಟು ಇಳದೈತಿ. ಭಾಳ ಅಂಜಬ್ಯಾಡ್ರಿ. ಈ ವಯಸ್ಸಿನ್ಯಾಗ ಹುಡುಗ್ರು ಎಲ್ಲಾ ಹಿಂಗ, ಇದು ಬೇಕು ಅದು ಒಲ್ಲೆ ಅಂತಾವ. ಹಾಲು ಕಡಿಮಿ ಮಾಡ್ರಿ, ಹೊಟ್ಟಿ ಹಸೀಲಿ. ಎಲ್ಲಾರೂ ಕೂಡಿ ಕುಂತು ಉಣ್ರಿ. ಆಕಿ ತಾಟಿನ್ಯಾಗ ಸ್ವಲ್ಪ ಸ್ವಲ್ಪ ಇಡ್ರಿ. ಉಣ್ಣೋದು ಬಿಡೋದು ಆಕಿಗೆ ಬಿಡ್ರಿ. ಬೆನ್ನ ಹತ್ತಬ್ಯಾಡ್ರಿ."

ನನಗೆ ಇದು ಹಿಡಿಸಿತು. ಕಾರಣ ಇರುವ ಮಾತು ಅದು. ಮನೆಯಲ್ಲಿ ಹಾಗೇ ಮಾಡಿದೆವು. ಮೂವರೂ ನೆಲದ ಮೇಲೆ ಕೂತೆವು. ಮಗುವಿಗೆ ಅದರದೇ ಸಣ್ಣ ತಾಟು. ಅದು ಅನ್ನವನ್ನು ಬೆರಳಲ್ಲಿ ತಾಟಿನ ಅಂಚಿಗೆ ಸರಿಸಿ ಗೆರೆಯಾಗಿ ಜೋಡಿಸುತ್ತಿತ್ತು. ನಾನು ನೋಡದವನ ಹಾಗೆ ಉಣ್ಣುತ್ತಿದ್ದೆ. ತಾಯಿಯಿಂದ ಆಗುತ್ತಿರಲಿಲ್ಲ.

"ನೀ ಓದಿದಾಂವ, ಬಿಡ್ತಿ. ನಾ ಹೆಂಗ ಬಿಡ್ಲಿ?"

ನಾನು ಕಾಲೇಜಿಗೆ ಹೋದ ಮೇಲೆ ಆಕೆ ಮೊಬೈಲಿನಲ್ಲಿ ಗೊಂಬೆ ಆಟ ಹಚ್ಚಿ ಉಣಿಸಲು ನೋಡುತ್ತಿದ್ದಳಂತೆ. ಮಗು ಗೊಂಬೆ ನೋಡುತ್ತ ಬಾಯಿ ತೆರೆಯುತ್ತಿತ್ತು, ತುತ್ತು ಗಲ್ಲದಲ್ಲೇ ಉಳಿಯುತ್ತಿತ್ತು. ಮತ್ತೆ ದಿಂಬಿನ ಸಂದಿ.

ಕಡೆಗೆ ಹೆಸರು ಹೇಳಿ ಉಣಿಸುವುದನ್ನು ತಾಯಿ ಶುರು ಮಾಡಿದಳು. ಇದರಿಂದ ಒಂದಿಷ್ಟು ಉಪಯೋಗವಾಯಿತು.

"ಇದು ಆಯಿದು." ಬಾಯಿ ತೆರೆಯಿತು.

"ಇದು ಚಾಚಿದು." ತೆರೆಯಿತು.

"ಇದು ಅಪ್ಪಂದು." ತೆರೆಯಿತು. ಆಮೇಲೆ ಮುಚ್ಚಿದ್ದು ಮುಚ್ಚಿಯೇ ಹೋಯಿತು. ಗುಬ್ಬಿ, ಕಾಗೆ, ಬಸ್ಸು, ಚಂದಪ್ಪ, ಯಾರು ಬಂದರೂ ತೆರೆಯಲಿಲ್ಲ.

ಮರುದಿನವೂ ಅಷ್ಟೇ. ಅದರ ಮರುದಿನವೂ. ನನ್ನ ತುತ್ತಿನ ಮೇಲೆ ಊಟ ನಿಲ್ಲುತ್ತಿತ್ತು. ತಾಯಿ ಚೇಷ್ಟೆಗೆ, "ನಿನ್ನ ಹೆಸರು ಕೇಳಿದ್ರ ಆಕಿಗೆ ಹೊಟ್ಟಿ ತುಂಬತೈತಿ" ಎಂದಳು. ನಾನು ಪರೀಕ್ಷೆ ಮಾಡಿ ನೋಡಿದೆ. ಹೆಸರುಗಳನ್ನು ಹಿಂದೆ ಮುಂದೆ ಮಾಡಿ ಮೊದಲ ತುತ್ತೇ ಅಪ್ಪಂದು ಎಂದೆ. ಮಗು ಅದನ್ನು ತಿಂದು ಅಲ್ಲಿಗೇ ಬಾಯಿ ಮುಚ್ಚಿತು. ಆಯಿಯದೂ ಇಲ್ಲ, ಚಾಚಿಯದೂ ಇಲ್ಲ. ನನ್ನ ಹೆಸರು ಎಲ್ಲಿ ಬರುತ್ತದೋ ಅಲ್ಲಿ ಊಟ ಮುಗಿಯಿತು. ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕೆ? ನನ್ನಿಂದಲೇ ಈ ಮಗು ಉಣ್ಣುತ್ತಿಲ್ಲ ಎಂದು ತೀರ್ಮಾನಿಸಿದೆ. ಆಸ್ಪತ್ರೆಗೆ ಅದರ ಅವ್ವನನ್ನು ಕರೆದುಕೊಂಡು ಹೋದವನು ನಾನು, ತಿರುಗಿ ಬಂದಾಗ ಜೊತೆಗೆ ಅವಳು ಇರಲಿಲ್ಲ. ಎರಡು ವರ್ಷದ ತಲೆಗೆ ಇಷ್ಟು ಲೆಕ್ಕ ತಿಳಿಯದೆ ಇದ್ದೀತೇ ಎಂದು ನನ್ನ ಓದಿದ ತಲೆ ಯೋಚಿಸಿತು.

ದೀಪಾವಳಿಯ ಮುಂಚೆ ಅತ್ತೆ ಬಂದರು. ಮಗುವಿನ ರಟ್ಟೆ ಹಿಡಿದು ನೋಡಿದರು. ಬಳೆ ಜಾರಿ ಮೊಣಕೈ ದಾಟಿ ಮೇಲೆ ಹೋಯಿತು.

"ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕೂಸನ್ನ ನನ್ನ ಕೂಡ ಕಳಸ್ರಿ. ಸಾಲಿಗೆ ಹೋಗೋ ಮಟ ನಮ್ಮಲ್ಲೇ ಇರ್ಲಿ."

"ಬೀಗರ, ನಾವೇನು ಉಪವಾಸ ಕೆಡವೀವೇನು?" ಎಂದಳು ನನ್ನ ತಾಯಿ.

"ಹಂಗಲ್ರೀ. ನಾ ಒಂದನ್ನ ಕಳಕೊಂಡು ಕುಂತೀನಿ."

ಇಬ್ಬರೂ ನನ್ನ ಕಡೆ ನೋಡಿದರು. ಹಬ್ಬ ಮುಗಿಯಲಿ, ಅಷ್ಟರಲ್ಲಿ ಉಂಡರೆ ಇಲ್ಲಿರಲಿ, ಇಲ್ಲದಿದ್ದರೆ ನಾನೇ ಕರೆದುಕೊಂಡು ಬರುತ್ತೇನೆ ಎಂದೆ. ಮಗಳನ್ನು ಇಟ್ಟುಕೊಳ್ಳಲು ನನ್ನ ಹತ್ತಿರ ಬೇರೆ ಯಾವ ವಾದವೂ ಇರಲಿಲ್ಲ. ನನ್ನ ಹೆಸರಿಗೇ ಬಾಯಿ ಮುಚ್ಚುವ ಮಗುವನ್ನು ಯಾವ ನೆಪದ ಮೇಲೆ ಇಟ್ಟುಕೊಳ್ಳಲಿ?

ಹಬ್ಬ ಬಂತು, ಹೋಯಿತು. ಮಗು ಹೋಳಿಗೆಯನ್ನು ನೆಕ್ಕಿ ಕೆಳಗಿಟ್ಟಿತು.

ಹೊರಡುವ ಬೆಳಿಗ್ಗೆ ತಾಯಿ ಫ್ರಾಕುಗಳನ್ನು ಮಡಚಿ ಚೀಲಕ್ಕೆ ತುಂಬಿದಳು. ಡಬ್ಬಿ ಕಟ್ಟಿದಳು. ನಾನು ಹೇಳುವ ಮೊಸರನ್ನ, ಆಕೆ ಹೇಳುವ ರೊಟ್ಟಿ ಇದ್ದದ್ದು ಇದೇ ಡಬ್ಬಿಯಲ್ಲಿ. "ಹಸದ ಕೂಸನ್ನ ಕಳಿಸಿದ್ರು ಅನ್ನಬಾರದು. ದಾರ್ಯಾಗ ಒಂದೀಟು ನೋಡು" ಎಂದಳು. ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ಬಾಗಿಲಲ್ಲಿ ನಿಲ್ಲಲೂ ಇಲ್ಲ.

ಬಸ್ಸು ಎಂದಿನಂತೆ ತುಂಬಿತ್ತು. ಹಿಂದೆ ನಿಲ್ಲುತ್ತಿದ್ದವನು ಅಂದು ಮುಂದಿನ ಬಾಗಿಲಲ್ಲಿ ಹತ್ತಿದೆ. ಆಂಧ್ರದಿಂದ ಬಂದವರ ಕ್ಯಾಂಪಿನ ಹೆಂಗಸೊಬ್ಬಳು ಬುಟ್ಟಿ ಸರಿಸಿ, "ಕೂಸೈತಿ, ಕೂಕೋರಿ" ಎಂದು ಕಿಟಕಿಯ ಸೀಟು ಬಿಟ್ಟಳು. ಹೆಂಡತಿ ಕೂರುತ್ತಿದ್ದದ್ದು ಇದೇ ಸೀಟು ಎಂದು ನನಗೆ ಅನಿಸಿತು. ಅನಿಸಿದ್ದು, ಅಷ್ಟೇ. ಹಿಂದಿನಿಂದ ನೋಡಿದವನಿಗೆ ಎಲ್ಲ ಸೀಟೂ ಒಂದೇ.

ಕಾಲುವೆ ದಾಟಿದ ಮೇಲೆ ಡಬ್ಬಿ ತೆರೆದೆ. ಭತ್ತ ಹೊಂಬಣ್ಣಕ್ಕೆ ತಿರುಗಿತ್ತು. ಅಷ್ಟು ಹೆಂಗಸರ ನಡುವೆ ನಾಚಿಕೆಯಾಗಿ ಮಗುವಿನ ಕಿವಿಯ ಹತ್ತಿರ ಬಾಯಿ ಇಟ್ಟು ಪಿಸುಗುಟ್ಟಿದೆ. ಇದು ಆಯಿದು. ಇದು ಚಾಚಿದು. ಕೊನೆಗೆ, ಇದು ಅಪ್ಪಂದು. ತಿಂದಿತು. ಬಾಯಿ ಮುಚ್ಚಿತು.

ನಾನೂ ಮುಚ್ಚಳ ಹಾಕಲು ಹೋದೆ. ಮಗು ಮುಚ್ಚಳದ ಮೇಲೆ ಕೈ ಇಟ್ಟಿತು. ಆಮೇಲೆ ಡಬ್ಬಿಯೊಳಗೆ ಬೆರಳು ಹಾಕಿ, ಹಿಡಿಯಲು ಬಾರದ ಹಾಗೆ ಹಿಡಿದು, ಅರ್ಧ ನನ್ನ ಅಂಗಿಯ ಮೇಲೆ ಚೆಲ್ಲುತ್ತ, ಕೈಯನ್ನು ನನ್ನ ಬಾಯಿಯ ತನಕ ಎತ್ತಿತು.

"ಅವ್ವಂದು" ಎಂದಿತು.

ದನಿಯಲ್ಲಿ ಅಳು ಇರಲಿಲ್ಲ. ಆಟದಲ್ಲಿ ಪಾಳಿ ಮರೆತವನಿಗೆ ನೆನಪು ಮಾಡುವ ದನಿ ಅದು. ನಾನು ಬಾಯಿ ತೆರೆಯಲಿಲ್ಲ. ತೆರೆಯಬೇಕು ಎಂದು ತಿಳಿಯಲಿಲ್ಲ. ಮಗುವಿನ ಕೈ ಅಲ್ಲೇ ನಿಂತಿತ್ತು.

"ತಿನ್ರಿ" ಎಂದಳು ಕ್ಯಾಂಪಿನ ಹೆಂಗಸು. "ಪಾಪ, ಎಷ್ಟೊತ್ತು ಹಿಡ್ಕೊಂಡಿರಬೇಕು ಅದು?"

ತಿಂದೆ. ಮಗು ನನ್ನ ಗಂಟಲನ್ನು ನೋಡಿತು, ನುಂಗಿದ್ದು ಖಾತ್ರಿಯಾದ ಮೇಲೆ ತನ್ನ ಬಾಯಿ ತೆರೆಯಿತು. ಮುಂದೆ ಯಾರ ಹೆಸರೂ ನನಗೆ ತೋಚದೆ ಡ್ರೈವರ್‌ದು, ಕಂಡಕ್ಟರ್‌ದು, ಈ ಅಕ್ಕಂದು ಎಂದೆ. ಎಲ್ಲವನ್ನೂ ತಿಂದಿತು. ನೀರಾವರಿ ಹೊಲ ಮುಗಿದು ಎರೆಭೂಮಿ ಶುರುವಾಗಿ, ಮಸ್ಕಿಯ ಗುಡ್ಡ ಕಾಣುವ ಹೊತ್ತಿಗೆ ಡಬ್ಬಿಯ ತಳ ಕಾಣುತ್ತಿತ್ತು.

ಆಗ ನನಗೆ ಹೊಳೆದದ್ದು ಇಷ್ಟು. ಅಪ್ಪನ ತುತ್ತಿನ ನಂತರ ಬರುತ್ತಿದ್ದದ್ದು ಅವ್ವನ ತುತ್ತು. ಅದನ್ನು ಅವ್ವ ಮಗುವಿಗೆ ತಿನ್ನಿಸುತ್ತಿರಲಿಲ್ಲ, ಮಗು ಅವ್ವನಿಗೆ ತಿನ್ನಿಸುತ್ತಿತ್ತು. ಆಮೇಲೆ ಊಟ ಮುಂದುವರಿಯುತ್ತಿತ್ತು. ನಾವು ಮನೆಯಲ್ಲಿ ಎಲ್ಲರ ಹೆಸರೂ ಹೇಳಿದೆವು, ಅವಳದೊಂದನ್ನು ಬಿಟ್ಟು. ಮಗು ತನ್ನ ಪಾಳಿ ಬರಲಿ ಎಂದು ಬಾಯಿ ಮುಚ್ಚಿ ಕಾಯುತ್ತಿತ್ತು. ಕಾಯುವುದನ್ನು ನಾವು ಒಲ್ಲೆ ಎನ್ನುವುದು ಎಂದುಕೊಂಡೆವು.

ಮಸ್ಕಿಯ ಮನೆಯ ಕಟ್ಟೆಯ ಮೇಲೆ ಅತ್ತೆ ಡಬ್ಬಿ ಇಸಿದುಕೊಂಡು ಅಲ್ಲಾಡಿಸಿ ನೋಡಿದರು. ಮುಚ್ಚಳ ತೆರೆದು ನೋಡಿದರು. "ನೀವು ಉಂಡ್ರೇನು?" ಎಂದರು. ಒಂದು ತುತ್ತು ಉಂಡೆ ಎಂದೆ. ಬಸ್ಸಿನಲ್ಲಿ ನಡೆದದ್ದನ್ನು ಹೇಳಿದೆ. ಅವರು ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಮಧ್ಯಾಹ್ನ ತಾವೇ ಬೇಳೆ ಅನ್ನ ಕಲಸಿ ಉಣಿಸಲು ಕೂತರು. ಅಪ್ಪಂದು ಮುಗಿಯಿತು. ಮಗು ಒಂದು ಹಿಡಿ ತೆಗೆದು ಅವರ ಬಾಯಿಗೆ ಹಿಡಿಯಿತು. "ಅವ್ವಂದು."

ಅತ್ತೆ ಅದನ್ನು ಬಾಯಲ್ಲಿ ಹಿಡಿದುಕೊಂಡೇ ಎದ್ದು ಬಚ್ಚಲಿಗೆ ಹೋದರು. ತಿರುಗಿ ಬಂದಾಗ ಮುಖ ತೊಳೆದಿದ್ದರು. ಉಳಿದದ್ದನ್ನು ಉಣಿಸಿದರು. ಮಗು ನಿದ್ದೆ ಹೋದ ಮೇಲೆ ನನ್ನ ಕಡೆ ನೋಡದೆ ಹೇಳಿದರು: "ಸಂಜಿ ಬಸ್ಸಿಗೆ ವಾಪಸ್ ಕರ್ಕೊಂಡು ಹೋಗ್ರಿ."

"ಯಾಕ್ರೀ ಅತ್ತಿ?"

"ಇಲ್ಲಿದ್ರ ನಾ ಅಳ್ತೀನಿ. ನಾ ಅತ್ತಂಗೆಲ್ಲ ಆಕಿ ನನಗ ಉಣಸ್ತಾಳ. ಅದು ಕೂಸಿನ ಕೆಲಸ ಅಲ್ಲ."

ಇಲ್ಲಿ ನನ್ನ ಅತ್ತೆಯ ಸಾಕ್ಷ್ಯವನ್ನೂ ದಾಖಲಿಸಬೇಕು. ಬಸ್ಸಿನಲ್ಲಿ ಏನೂ ನಡೆಯಲಿಲ್ಲ ಎನ್ನುತ್ತಾರೆ ಅವರು. ನಾನು ತಂದ ಡಬ್ಬಿ ತುಂಬಿಯೇ ಇತ್ತಂತೆ. ಮಗು "ಅವ್ವಂದು" ಎಂದು ಮೊಟ್ಟಮೊದಲು ತುತ್ತು ಎತ್ತಿದ್ದು ಅವರ ಬಾಯಿಗಂತೆ, ಅವರ ಕಟ್ಟೆಯ ಮೇಲಂತೆ. "ನೀವು ಬಾಗಲದಾಗ ಮೊಬೈಲ್ ಹಿಡ್ಕೊಂಡು ನಿಂತಿದ್ರಿ. ಹಿಂದಿಂದ ನೋಡಿ ನಿಮಗ ಆದಂಗ ಅಂದ್ಕೊಂಡೀರಿ." ಅವರು ಸುಳ್ಳು ಹೇಳುವವರಲ್ಲ. ಹಿಂದಿನಿಂದ ನೋಡುವುದು ನನ್ನ ಅಭ್ಯಾಸವೇ ಆಗಿತ್ತು. ಕ್ಯಾಂಪಿನ ಹೆಂಗಸು ಯಾರೋ ಎಲ್ಲಿಯವಳೋ, ಈಗ ಕೇಳಲು ಸಿಗುವುದಿಲ್ಲ. ಅಂಗಿಯ ಮೇಲೆ ಚೆಲ್ಲಿದ್ದು ಒಗೆದು ಹೋಗಿದೆ. ವಿದ್ಯಾರ್ಥಿಯೊಬ್ಬ ಇಂಥ ಪ್ರಸಂಗ ತಂದಿದ್ದರೆ ಎರಡೂ ಹೇಳಿಕೆಗಳಲ್ಲಿ ಹೇಳುವವರ ಆಸೆ ಸೇರಿಕೊಂಡಿದೆ ನೋಡು ಎನ್ನುತ್ತಿದ್ದೆ. ಮೊದಲ ತುತ್ತು ತಮಗೆ ಸಿಕ್ಕಿರಲಿ ಎಂಬ ಆಸೆ. ಅವರು ಕಳೆದುಕೊಂಡದ್ದು ಮಗಳನ್ನು. ಅವರ ಮಾತನ್ನು ನಾನು ವಾದಿಸಿ ಗೆಲ್ಲಲು ಹೋಗಿಲ್ಲ.

ಅಂದು ಸಂಜೆ ಸಿಂಧನೂರಿಗೆ ತಿರುಗಿ ಬಂದಾಗ ಮಗು ಹೆಗಲ ಮೇಲೆ ಮಲಗಿತ್ತು, ಒಂದು ಕೈಯಲ್ಲಿ ಚೀಲ. ಬಾಗಿಲು ಬಡಿಯಲು ಕೈ ಖಾಲಿ ಇರಲಿಲ್ಲ. "ಅವ್ವಾ, ಬಾಗಲಾ ತಗಿ" ಎಂದು ಕೂಗಿದೆ. ಎಷ್ಟೋ ದಿನಗಳಾಗಿದ್ದವು ಆ ಶಬ್ದ ನನ್ನ ಬಾಯಿಂದ ಬಂದು. ತಾಯಿ ಬಾಗಿಲು ತೆರೆದು, ಮಗುವನ್ನು ನೋಡಿ, ಚೀಲ ನೋಡಿ, "ಏನಂದಿ?" ಎಂದಳು. ಮತ್ತೊಮ್ಮೆ ಅಂದೆ. ಆಕೆ ಚೀಲ ಇಸಿದುಕೊಂಡಳು.

ಆಮೇಲೆ ದಿನವೂ ಎರಡು ಹೊತ್ತು ನನಗೆ ಅವ್ವನ ಪಾಲು ಸಿಗುತ್ತಿತ್ತು. ಬಸ್ಸು ಬೇಕಾಗಲಿಲ್ಲ, ಮನೆಯಲ್ಲೇ ನಡೆಯಿತು. ನಾನಿಲ್ಲದಾಗ ತಾಯಿಗೆ, ತಾಯಿ ಇಲ್ಲದಾಗ ಚಾಚಿಗೆ. "ಈಕಿ ಕೈಯಾಗ ತಿಂದು ತಿಂದು ನಾ ರೊಟ್ಟಿ ಮುಟಿಗಿ ಹಂಗ ದುಂಡಗ ಆಗೀನಿ ನೋಡು" ಎಂದು ಚಾಚಿ ನಗುತ್ತಿದ್ದಳು. ಉಪ್ಪಿಲ್ಲದ ಅನ್ನ, ಹಾಲಿನ ರೊಟ್ಟಿ, ಹಿಸುಕಿದ ಬಾಳೆಹಣ್ಣು, ಎಲ್ಲವೂ ಆ ಬೆಚ್ಚಗಿನ ಸಣ್ಣ ಬೆರಳುಗಳ ರುಚಿಯವೇ. ಬಳೆ ಮತ್ತೆ ಮಣಿಕಟ್ಟಿಗೆ ಬಂದು ನಿಂತಿತು. ಡಾಕ್ಟರ್ ತೂಕ ನೋಡಿ, "ಹೇಳಿದ್ನಲ್ಲ, ತಾನ ಸರಿ ಹೋಗ್ತೈತಿ ಅಂತ" ಎಂದರು.

ಅವರ ಮಾತೂ ನಿಜ ಇರಬಹುದು. ಇದು ನನ್ನನ್ನು ಕೊರೆಯುತ್ತದೆ. ಜ್ವರ ಬರುವುದಕ್ಕೆ ಮುಂಚೆಯೇ ಹೆಂಡತಿ ಒಂದು ದಿನ, "ಈಕಿ ಒಲ್ಲೆ ಅನ್ನೋದು ಕಲ್ತಾಳ ನೋಡ್ರಿ, ನಿನ್ನಿ ತಿಂದದ್ದು ಇವತ್ತ ಒಲ್ಲೆ ಅಂತಾಳ" ಎಂದಿದ್ದಳು. ಎಂದಿದ್ದಳೇ? ಎಂದಿದ್ದರೆ ಇದೆಲ್ಲ ಎಲ್ಲ ಮಕ್ಕಳ ಎರಡನೇ ವರ್ಷದ ಹಟ. ಸಾವಿಗೂ ಅದಕ್ಕೂ ಸಂಬಂಧವಿಲ್ಲ. ಹಾಲು ಕಡಿಮೆ ಮಾಡಿದ್ದಕ್ಕೆ ಹಸಿವಾಯಿತು, ಹಸಿವಾದದ್ದಕ್ಕೆ ಉಂಡಿತು. ನಮ್ಮ ದುಃಖವನ್ನು ನಾವೇ ಮಗುವಿನ ಬಾಯಿಗೆ ಹಾಕಿದೆವು. ಈ ವಿವರಣೆಯಲ್ಲಿ ತಪ್ಪು ಹುಡುಕಲು ನನಗೆ ಆಗಿಲ್ಲ. ಒಪ್ಪಿಕೊಳ್ಳಲೂ ಆಗಿಲ್ಲ.

ಎಂದು ನಿಂತಿತು ಎಂಬುದು ಗೊತ್ತಿಲ್ಲ. ಬೇಸಿಗೆ ಎಂಬುದು ಗೊತ್ತು, ಏಕೆಂದರೆ ಮಾವಿನಹಣ್ಣಿನ ಸೀಕರಣಿ ಇತ್ತು. ಮಗಳು ತನ್ನ ತಾಟನ್ನು ತಾನೇ ಎಳೆದುಕೊಂಡು, ತನ್ನ ಕೈಯಲ್ಲಿ ತಾನೇ ಉಣ್ಣತೊಡಗಿದಳು. ಯಾರ ಹೆಸರೂ ಕೇಳಲಿಲ್ಲ. ಮೂಗಿಗೆಲ್ಲ ಸೀಕರಣಿ. ನಾನು ನನ್ನ ಊಟ ಬಿಟ್ಟು ನೋಡುತ್ತಿದ್ದೆ. ಅಪ್ಪನ ತುತ್ತು ಬರುವ ಹೊತ್ತು ಬಂತು, ದಾಟಿತು. ನನ್ನ ಬಾಯಿ ತಾನಾಗಿಯೇ ಸ್ವಲ್ಪ ತೆರೆದಿತ್ತು ಎಂದು ತಾಯಿ ಈಗಲೂ ಹೇಳಿ ನಗುತ್ತಾಳೆ.

"ಅವ್ವಂದು?" ಎಂದೆ.

ಮಗಳು ತಾಟು ನೋಡಿದಳು, ನನ್ನನ್ನು ನೋಡಿದಳು. "ಖಾಲಿ ಆತು" ಎಂದು ತಾಟು ಬೋರಲು ಮಾಡಿ ತೋರಿಸಿ ಚಾಚಿಯ ಮನೆಗೆ ಓಡಿದಳು.

"ಉಂಡ್ಲಲ್ಲ, ಮತ್ತೇನು ಬೇಕು?" ಎಂದು ತಾಯಿ ನೆಲ ಒರೆಸಿದಳು. ಬೇರೇನೂ ಬೇಕಿರಲಿಲ್ಲ. ಅಷ್ಟು ದಿನ ನಾವೆಲ್ಲ ಬೇಡಿಕೊಂಡದ್ದು ಇದನ್ನೇ. ನಾನು ಮಾತ್ರ ಕೈ ತೊಳೆಯದೆ ಬಹಳ ಹೊತ್ತು ಕೂತಿದ್ದೆ.

ಈಗ ಅವಳು ಶಾಲೆಗೆ ಹೋಗುತ್ತಾಳೆ. ಫೋಟೋ ಗೋಡೆಯ ಮೇಲಿದೆ. ಬಸ್ಸಿನ ಕತೆಯನ್ನು ಅವಳಿಗೆ ಹೇಳಿದ್ದೇನೆ, ಹಲವು ಸಲ. "ನಾ ನಮ್ಮವ್ವಗ ಬಸ್ಸಿನ್ಯಾಗ ಉಣಸ್ತಿದ್ದೆ" ಎಂದು ಓಣಿಯ ಹುಡುಗಿಯರಿಗೆ ಹೇಳುವುದನ್ನು ಕೇಳಿಸಿಕೊಂಡೆ. ನಿನಗೆ ನೆನಪಿದೆಯಾ ಎಂದು ಕೇಳಿದೆ.

"ಹೂಂ. ನೀನ ಹೇಳಿದಿಯಲ್ಲ."

ಮೊನ್ನೆ ರೊಟ್ಟಿಗೆ ಎಣ್ಣೆಗಾಯಿ ಮಾಡಿದ್ದೆವು. ಮಗಳಿಗೆ ಬದನೆಕಾಯಿ ಕಂಡರೆ ಆಗದು. ಒಂದು ಹೋಳನ್ನು ಬೆರಳಲ್ಲಿ ಹಿಡಿದುಕೊಂಡು, "ಅವ್ವ ಬದನಿಕಾಯಿ ತಿಂತಿದ್ಲೇನು?" ಎಂದು ಕೇಳಿದಳು. ತಿನ್ನುತ್ತಿದ್ದಳು ಎಂದರೆ ಆ ಹೋಳು ಬಾಯಿಗೆ ಹೋಗುತ್ತದೆ ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ತಾಯಿ ನನಗೆ ಕಣ್ಣಲ್ಲೇ ಹೂಂ ಅನ್ನು ಎಂದು ಸನ್ನೆ ಮಾಡಿದಳು.

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಅಷ್ಟು ವರ್ಷ ಎದುರಿಗೆ ಕೂತು ಉಂಡಿದ್ದೇವೆ. ತಾಟು ಕಾಣಲಿಲ್ಲ. ಕಂಡದ್ದು ಜನರ ತಲೆಗಳ ನಡುವೆ ಒಂದು ತುರುಬು, ಏಳುತ್ತ ಇಳಿಯುತ್ತ ಇರುವ ಬಲಗೈ. ಅದರಲ್ಲಿ ಏನಿದೆಯೋ ಅಲ್ಲಿಂದ ತಿಳಿಯುತ್ತಿರಲಿಲ್ಲ.

"ನನಗ ನೆನಪಿಲ್ಲ" ಎಂದೆ.

ಮಗಳು ಹೋಳನ್ನು ತಾಟಿನ ಅಂಚಿಗಿಟ್ಟಳು.

"ಹೂಂ ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು?" ಎಂದಳು ನನ್ನ ತಾಯಿ. "ಮಸ್ಕಿ ಅಮ್ಮಮ್ಮನ್ನ ಕೇಳ್ತೀನಿ, ಆಕಿಗೆ ಗೊತ್ತಿರ್ತೈತಿ" ಎಂದು ಮಗಳು ರೊಟ್ಟಿ ಮುರಿದಳು. ಮುಂದಿನ ಭಾನುವಾರ ಮಸ್ಕಿಗೆ ಹೋಗುವುದಿದೆ. ಅತ್ತೆ ಏನು ಹೇಳುತ್ತಾರೋ ಅದೇ ಅವಳ ನೆನಪಾಗುತ್ತದೆ, ನನ್ನದೂ.